ಬಿಡುವಿನ ಪ್ರೊಸೆಸರ್ ಹಂಚಿಕೊಳ್ಳುವ ಮುನ್ನ: ಲಿನಕ್ಸ್ ಕಂಪ್ಯೂಟರನ್ನು ಭದ್ರವಾಗಿ ಸಜ್ಜುಗೊಳಿಸುವ ಬಗೆ

ಕಾರವಾರದ ಕಾಜುಬಾಗದಲ್ಲೋ ಶಿರಸಿಯ ಮರಾಠಿಕೊಪ್ಪದಲ್ಲೋ ಮನೆಯೊಂದರ ಮೇಜಿನ ಮೇಲಿರುವ ಲ್ಯಾಪ್‌ಟಾಪಿನಲ್ಲಿ ಪತ್ರ ಬರೆಯುವುದು, ಸಂಘದ ಲೆಕ್ಕ ನೋಡುವುದು, ಪತ್ರಿಕೆ ಓದುವುದು ಇಷ್ಟೇ ನಡೆಯುತ್ತಿದ್ದರೆ, ಅದರ ಪ್ರೊಸೆಸರ್ ದಿನದ ಬಹುಪಾಲು ಕೈಕಟ್ಟಿ ಕುಳಿತಿರುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಕೊನೆಗೊಂಡ ಮೇಲೆ ಉಬುಂಟು, ಡೆಬಿಯನ್ ಅಥವಾ ಮಿಂಟ್ ಎಂಬ ಲಿನಕ್ಸ್ ವ್ಯವಸ್ಥೆಗಳಲ್ಲೊಂದನ್ನು ಹಾಕಿಸಿಕೊಂಡು ಎರಡನೆಯ ಆಯುಷ್ಯ ಕಂಡ ಹಳೆಯ ಯಂತ್ರಗಳೂ ನಮ್ಮ ಮನೆಗಳಲ್ಲಿ ಈಗ ಕಡಿಮೆಯಿಲ್ಲ. ಹೀಗೆ ಉಳಿಯುವ ಗಣನ ಸಾಮರ್ಥ್ಯವನ್ನು ವಿಜ್ಞಾನದ ಲೆಕ್ಕಾಚಾರಕ್ಕೆ ಬಿಟ್ಟುಕೊಡುವುದು ಸಾಧ್ಯ, ಮತ್ತು ಅದಕ್ಕೆ ದೊಡ್ಡ ಪರಿಣತಿಯೇನೂ ಬೇಕಾಗಿಲ್ಲ. ಆದರೆ ಎಲ್ಲಿಯೋ ಇರುವ ಸರ್ವರ್ ಕಳುಹಿಸಿದ ಪ್ರೋಗ್ರಾಂ ನಮ್ಮ ಯಂತ್ರದಲ್ಲಿ ಓಡುತ್ತದೆ ಎಂಬ ಮಾತು ಕೇಳಿದೊಡನೆ ಹುಟ್ಟುವ ಅಳುಕು ಅಸಹಜವಲ್ಲ. ಆ ಅಳುಕಿಗೆ ಉತ್ತರ ಮೂರು ಪ್ರಶ್ನೆಗಳಲ್ಲಿದೆ: ಆ ಪ್ರೋಗ್ರಾಂ ಯಾವ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ, ಸಂಪರ್ಕವನ್ನು ಯಾವ ಕಡೆಯಿಂದ ಆರಂಭಿಸಲಾಗುತ್ತದೆ, ಯಂತ್ರದ ಮೇಲೆ ಬೀಳುವ ಹೊರೆಗೆ ಮಿತಿ ಹಾಕಿದವರು ಯಾರು. ಕರಾವಳಿಯಲ್ಲಿ ಮತ್ತು ಘಟ್ಟದ ಮೇಲೆ ಈ ಮೂರನೆಯ ಪ್ರಶ್ನೆ ಉಳಿದೆರಡಕ್ಕಿಂತ ಕಡಿಮೆ ತೂಕದ್ದಲ್ಲ.

ಈ ಬಗೆಯ ಹಂಚಿಕೆಗೆ ಮೂರು ದಶಕಗಳಷ್ಟು ಹಿನ್ನೆಲೆಯಿದೆ. ಬೃಹತ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಜಿಂಪ್ಸ್ 1996ರಲ್ಲಿ ಆರಂಭವಾಯಿತು. ಅನ್ಯಗ್ರಹ ಜೀವಿಗಳ ಸಂಕೇತಕ್ಕಾಗಿ ರೇಡಿಯೊ ದತ್ತಾಂಶವನ್ನು ಜಾಲಾಡುವ ಸೆಟಿ ಅಟ್ ಹೋಮ್ ಯೋಜನೆಯನ್ನು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 1999ರ ಮೇ ತಿಂಗಳಲ್ಲಿ ಹೊರತಂದಿತು. 2020ರ ಮಾರ್ಚ್ ಕೊನೆಗೆ ಹೊಸ ಕೆಲಸ ಹಂಚುವುದನ್ನು ನಿಲ್ಲಿಸುವ ಹೊತ್ತಿಗೆ ಅದರಲ್ಲಿ ಪಾಲ್ಗೊಂಡವರ ಸಂಖ್ಯೆ 50 ಲಕ್ಷವನ್ನು ದಾಟಿತ್ತು. ಅದೇ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಆಂಡರ್ಸನ್ 2002ರಲ್ಲಿ ಕೈಗೆತ್ತಿಕೊಂಡ ಬೊಯಿಂಕ್ ಎಂಬ ಮುಕ್ತ ತಂತ್ರಾಂಶ ಇಂದು ಇಂಥ ಹತ್ತಾರು ಯೋಜನೆಗಳಿಗೆ ಸಮಾನ ವೇದಿಕೆಯಾಗಿದೆ. ಗುರುತ್ವ ತರಂಗ ಮತ್ತು ಪಲ್ಸಾರುಗಳನ್ನು (ವೇಗವಾಗಿ ತಿರುಗುವ ನ್ಯೂಟ್ರಾನ್ ನಕ್ಷತ್ರಗಳನ್ನು) ಹುಡುಕುವ ಐನ್‌ಸ್ಟೈನ್ ಅಟ್ ಹೋಮ್, ಪ್ರೋಟೀನ್ ರಚನೆಯನ್ನು ಅಭ್ಯಸಿಸುವ ರೊಸೆಟ್ಟಾ ಅಟ್ ಹೋಮ್, ಆಕ್ಸ್‌ಫರ್ಡ್‌ನಿಂದ ಹೊರಟ ಕ್ಲೈಮೇಟ್‌ಪ್ರಿಡಿಕ್ಷನ್ ಇವೆಲ್ಲ ಬೊಯಿಂಕ್ ಮೂಲಕವೇ ಕೆಲಸ ಹಂಚುತ್ತವೆ. ಪ್ರೋಟೀನ್‌ಗಳ ಮಡಿಕೆಯನ್ನು ಅಭ್ಯಸಿಸುವ ಫೋಲ್ಡಿಂಗ್ ಅಟ್ ಹೋಮ್ ಮಾತ್ರ ತನ್ನದೇ ತಂತ್ರಾಂಶ ಇಟ್ಟುಕೊಂಡಿದೆ. ಈ ಲೇಖನ ಬೊಯಿಂಕ್ ಅನ್ನು ಹಿಡಿದು ಸಾಗುತ್ತದೆ. ಹೇಳಿದ್ದರಲ್ಲಿ ಹೆಚ್ಚಿನದು ಉಳಿದವುಗಳಿಗೂ ಹೊಂದುತ್ತದೆ.

ಇಲ್ಲಿ ಒಂದು ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳಬೇಕು. 'ನಿಮ್ಮ ಕಂಪ್ಯೂಟರ್ ಸುಮ್ಮನಿದ್ದಾಗ ಹಣ ಗಳಿಸಿ' ಎಂದು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುವ ಆ್ಯಪ್‌ಗಳಲ್ಲಿ ಹಲವು ಕೇಳುವುದು ಪ್ರೊಸೆಸರನ್ನಲ್ಲ, ನಿಮ್ಮ ಅಂತರ್ಜಾಲ ಸಂಪರ್ಕವನ್ನು. ಯಾರೋ ಅಪರಿಚಿತರ ವ್ಯವಹಾರ ನಿಮ್ಮ ಐಪಿ ವಿಳಾಸದ ಮೂಲಕ ಹೊರಗೆ ಹೋಗುತ್ತದೆ, ಮತ್ತು ಅದರಲ್ಲಿ ವಂಚನೆಯೇನಾದರೂ ನಡೆದರೆ ತನಿಖೆಯ ಜಾಡು ಮೊದಲು ಬಂದು ಮುಟ್ಟುವುದು ನಿಮ್ಮ ಮನೆಯ ಬಾಗಿಲಿಗೆ. ಬೊಯಿಂಕ್‌ನಲ್ಲಿ ಆಗುವುದು ಬೇರೆ: ಯೋಜನೆಯ ಸರ್ವರ್‌ನಿಂದ ದತ್ತಾಂಶದ ತುಂಡೊಂದು ಇಳಿಯುತ್ತದೆ, ನಿಮ್ಮ ಯಂತ್ರ ಅದರ ಲೆಕ್ಕ ಮಾಡುತ್ತದೆ, ಉತ್ತರ ಅದೇ ಸರ್ವರ್‌ಗೆ ಮರಳುತ್ತದೆ, ಮತ್ತು ಮೂರನೆಯವರ ಸಂಚಾರ ನಿಮ್ಮ ಮೂಲಕ ಹಾಯುವುದಿಲ್ಲ. ಸಂಪರ್ಕವನ್ನು ಬಾಡಿಗೆಗೆ ಕೇಳುವ ಆ್ಯಪ್‌ಗಳನ್ನು ಎಷ್ಟೇ ಭದ್ರವಾಗಿ ಅಳವಡಿಸಿದರೂ ಅವು ಭದ್ರವಾಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಮೊದಲ ಪ್ರಶ್ನೆಗೆ ಬರೋಣ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಬೊಯಿಂಕ್ ಕ್ಲೈಂಟ್ (ನಮ್ಮ ಯಂತ್ರದಲ್ಲಿ ಓಡುವ ಪ್ರೋಗ್ರಾಂ) ಅಧಿಕೃತ ಭಂಡಾರದಲ್ಲೇ ಇರುವುದರಿಂದ ಅದನ್ನು ಆಪ್ಟ್ ಎಂಬ ಅಳವಡಿಕೆಯ ಆದೇಶದ ಮೂಲಕ ಅಥವಾ ಸಾಫ್ಟ್‌ವೇರ್ ಕೇಂದ್ರದಿಂದ ಹಾಕಿಕೊಳ್ಳುವುದೇ ಸರಿಯಾದ ದಾರಿ. ಹಾಗೆ ಹಾಕಿದಾಗ ವ್ಯವಸ್ಥೆಯೇ 'ಬೊಯಿಂಕ್' ಎಂಬ ಹೆಸರಿನ ಪ್ರತ್ಯೇಕ ಬಳಕೆದಾರನನ್ನು ಸೃಷ್ಟಿಸುತ್ತದೆ. ಹೊರಗಿನಿಂದ ಬಂದ ಎಲ್ಲ ಲೆಕ್ಕಾಚಾರವೂ ಆ ಬಳಕೆದಾರನ ಹೆಸರಿನಲ್ಲಿ, ಅವನಿಗೆಂದೇ ಮೀಸಲಾದ ಕೋಶದೊಳಗೆ ನಡೆಯುತ್ತದೆ. ಅಡಿಕೆ ಸುಲಿಯಲು ಬಂದವರಿಗೆ ಅಂಗಳವನ್ನೂ ಚಪ್ಪರವನ್ನೂ ಬಿಟ್ಟುಕೊಡುತ್ತೇವೆಯೇ ಹೊರತು ಒಳಕೋಣೆಯ ಪೆಟ್ಟಿಗೆಯ ಕೀಲಿಯನ್ನು ಕೊಡುವುದಿಲ್ಲವಲ್ಲ, ಇದೂ ಹಾಗೆಯೇ. ಜಾಲತಾಣದಿಂದ ಪ್ಯಾಕೇಜ್ ಇಳಿಸಿ ತಮ್ಮ ಸ್ವಂತ ಖಾತೆಯಿಂದಲೇ ಓಡಿಸುವವರು ಈ ಬೇರ್ಪಡಿಕೆಯನ್ನು ಕಳೆದುಕೊಳ್ಳುತ್ತಾರೆ. ಪೂರ್ಣಾಧಿಕಾರ ಕೊಡುವ ಸುಡೋ ಆದೇಶ ಹಾಕಿ ಓಡಿಸುವವರಂತೂ ಯಂತ್ರವನ್ನೇ ಒಪ್ಪಿಸಿದಂತೆ.

ಈ ಹಂತದಲ್ಲಿ ಸಾಮಾನ್ಯವಾಗಿ ಎದುರಾಗುವ ತೊಡಕೊಂದಿದೆ. ಬೊಯಿಂಕ್ ಮ್ಯಾನೇಜರ್ ಎಂಬ ಕಿಟಕಿಯನ್ನು ನಿಮ್ಮ ಖಾತೆಯಿಂದ ತೆರೆದರೆ ಕ್ಲೈಂಟ್‌ಗೆ ಸಂಪರ್ಕವಾಗುವುದಿಲ್ಲ, ಏಕೆಂದರೆ ಅದರ ಪಾಸ್‌ವರ್ಡ್ ಇರುವ ಕಡತವನ್ನು ಓದುವ ಅನುಮತಿ ನಿಮಗಿರುವುದಿಲ್ಲ. ಪರಿಹಾರ ಸುಲಭ: ನಿಮ್ಮ ಖಾತೆಯನ್ನು ಬೊಯಿಂಕ್ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್ ಔಟ್ ಆಗಿ ಮತ್ತೆ ಒಳಬರುವುದು. ಆದರೆ ದಿಕ್ಕು ತಪ್ಪಬಾರದು. ನೀವು ಬೊಯಿಂಕ್ ಗುಂಪಿನ ಸದಸ್ಯರಾದರೆ ನಿಮಗೆ ಅದರ ಕಡತಗಳು ಕಾಣುತ್ತವೆ, ಅದರಿಂದ ಹಾನಿಯಿಲ್ಲ; ಬೊಯಿಂಕ್ ಬಳಕೆದಾರನನ್ನು ನಿಮ್ಮ ಗುಂಪಿಗೆ ಸೇರಿಸಿದರೆ ನಿಮ್ಮ ಕಡತಗಳು ಅದಕ್ಕೆ ಕಾಣುತ್ತವೆ, ಕಟ್ಟಿದ ಗೋಡೆಯನ್ನು ನೀವೇ ಒಡೆದಂತೆ. ಹಾಗೆಯೇ ಕೆಲಸ ಸುಲಭವಾಗಲೆಂದು ಬೊಯಿಂಕ್ ಬಳಕೆದಾರನನ್ನು ಡಾಕರ್ (ಪ್ರೋಗ್ರಾಂಗಳನ್ನು ಪ್ರತ್ಯೇಕ ಪೆಟ್ಟಿಗೆಗಳಲ್ಲಿ ಓಡಿಸುವ ತಂತ್ರಾಂಶ) ಗುಂಪಿಗೆ ಸೇರಿಸುವುದೂ ಕೂಡದು; ಆ ಗುಂಪಿನ ಸದಸ್ಯತ್ವ ವಾಸ್ತವದಲ್ಲಿ ರೂಟ್, ಅಂದರೆ ಯಂತ್ರದ ಪೂರ್ಣ ಅಧಿಕಾರಕ್ಕೆ ಸಮ.

ಇನ್ನೊಂದು ವಿಷಯ ಹಳೆಯ ಅಳವಡಿಕೆಗಳಿಗೆ ಸಂಬಂಧಿಸಿದ್ದು. ಉಬುಂಟುವಿನಲ್ಲಿ ಬಳಕೆದಾರರ ಹೋಮ್ ಕೋಶವನ್ನು ಇತರ ಬಳಕೆದಾರರು ಓದದಂತೆ ಮುಚ್ಚಿಡುವುದು 21.04ನೆಯ ಆವೃತ್ತಿಯಿಂದ ಮಾತ್ರ ಪೂರ್ವನಿಯೋಜಿತವಾಯಿತು. ಅದಕ್ಕಿಂತ ಮೊದಲು ಹಾಕಿಸಿ, ಆವೃತ್ತಿಯಿಂದ ಆವೃತ್ತಿಗೆ ಏರಿಸುತ್ತ ಬಂದ ಯಂತ್ರಗಳಲ್ಲಿ ಹೋಮ್ ಕೋಶದ ಅನುಮತಿ ಇನ್ನೂ 755 ಎಂದೇ ಇರುವ ಸಾಧ್ಯತೆಯಿದೆ, ಅಂದರೆ ನಿಮ್ಮ ಆಧಾರ್ ಪ್ರತಿ, ಪಹಣಿಯ ಪಿಡಿಎಫ್, ಬ್ಯಾಂಕಿನ ಹೇಳಿಕೆ ಎಲ್ಲವನ್ನೂ ಯಂತ್ರದ ಬೇರೆ ಬಳಕೆದಾರರು ಓದಬಹುದು. ಅದನ್ನು 750 ಅಥವಾ 700ಕ್ಕೆ ಇಳಿಸುವುದು ಒಂದು ಸಾಲಿನ ಆದೇಶದ ಕೆಲಸ. ಇದಲ್ಲದೆ ಬೊಯಿಂಕ್‌ನ ಸಿಸ್ಟಮ್‌ಡಿ (ಹಿನ್ನೆಲೆ ಸೇವೆಗಳನ್ನು ನಡೆಸುವ ವ್ಯವಸ್ಥೆ) ಕಡತದಲ್ಲಿ 'ಪ್ರೊಟೆಕ್ಟ್‌ಹೋಮ್', 'ಪ್ರೊಟೆಕ್ಟ್‌ಸಿಸ್ಟಮ್' ಮತ್ತು 'ಪ್ರೈವೇಟ್‌ಟೆಂಪ್' ಎಂಬ ನಿರ್ಬಂಧಗಳಿರಬಹುದು. ಮೊದಲನೆಯದು ಹೋಮ್ ಕೋಶಗಳನ್ನೇ ಆ ಸೇವೆಯ ಕಣ್ಣಿಗೆ ಬೀಳದಂತೆ ಮರೆಮಾಡುತ್ತದೆ, ಎರಡನೆಯದು ವ್ಯವಸ್ಥೆಯ ಕಡತಗಳನ್ನು ಬರೆಯಲಾಗದಂತೆ ಮಾಡುತ್ತದೆ, ಮೂರನೆಯದು ತಾತ್ಕಾಲಿಕ ಕಡತಗಳ ಜಾಗವನ್ನು ಪ್ರತ್ಯೇಕಿಸುತ್ತದೆ. ಇವು ನಿಮ್ಮ ಯಂತ್ರದಲ್ಲಿ ಜಾರಿಯಲ್ಲಿವೆಯೇ ಎಂದು 'ಸಿಸ್ಟಮ್‌ಡಿ-ಅನಲೈಸ್ ಸೆಕ್ಯೂರಿಟಿ' ಎಂಬ ಆದೇಶದ ಮುಂದೆ ಸೇವೆಯ ಹೆಸರು ಬರೆದು ನೋಡಬಹುದು. ಅದು ಪ್ರತಿಯೊಂದು ನಿರ್ಬಂಧವನ್ನೂ ಪಟ್ಟಿ ಮಾಡಿ ಕೊನೆಗೆ 10ರೊಳಗೆ ಒಂದು ಅಂಕ ಕೊಡುತ್ತದೆ, ಅಂಕ ಕಡಿಮೆಯಿದ್ದಷ್ಟೂ ಒಳ್ಳೆಯದು. ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಅನುಕರಿಸುವ ತಂತ್ರಾಂಶ) ಬೇಡುವ ಕೆಲವು ಯೋಜನೆಗಳಿಗಾಗಿ ಈ ನಿರ್ಬಂಧಗಳನ್ನು ಸಡಿಲಿಸಲು ಸಲಹೆಗಳು ಸಿಗುತ್ತವೆ. ದಿನನಿತ್ಯದ ಯಂತ್ರದಲ್ಲಿ ಅಂಥ ಯೋಜನೆಯನ್ನೇ ಬಿಟ್ಟು ಬೇರೊಂದನ್ನು ಆರಿಸಿಕೊಳ್ಳುವುದು ಮೇಲು.

ಎರಡನೆಯ ಪ್ರಶ್ನೆ ಸಂಪರ್ಕದ ದಿಕ್ಕಿನದು. ಬೊಯಿಂಕ್ ಕ್ಲೈಂಟ್ ತಾನೇ ಹೊರಗೆ ಹೋಗಿ ಸಾಮಾನ್ಯ ಬ್ರೌಸರಿನಂತೆ 80 ಅಥವಾ 443ನೆಯ ಪೋರ್ಟ್ (ಜಾಲ ಸಂಪರ್ಕದ ಸಂಖ್ಯೆಯುಳ್ಳ ಬಾಗಿಲು) ಮೂಲಕ ಸರ್ವರನ್ನು ಸಂಪರ್ಕಿಸುತ್ತದೆ. ಸರ್ವರ್ ಎಂದೂ ಒಳಗೆ ಬರಲು ಯತ್ನಿಸುವುದಿಲ್ಲ. ಆದ್ದರಿಂದ ರೂಟರಿನಲ್ಲಿ ಯಾವ ಪೋರ್ಟನ್ನೂ ತೆರೆಯುವ ಅಗತ್ಯವಿಲ್ಲ, ತೆರೆಯಿರಿ ಎಂದು ಹೇಳುವ ಮಾರ್ಗದರ್ಶಿ ಸಿಕ್ಕರೆ ಅದನ್ನು ಅಲ್ಲಿಗೇ ಬಿಡಬೇಕು. ಒಳಮುಖ ಸಂಪರ್ಕಗಳನ್ನೆಲ್ಲ ನಿರಾಕರಿಸಿ ಹೊರಮುಖ ಸಂಪರ್ಕಗಳಿಗೆ ಅವಕಾಶ ಕೊಡುವಂತೆ ಯುಎಫ್‌ಡಬ್ಲ್ಯೂ ಎಂಬ ಫೈರ್‌ವಾಲನ್ನು (ಜಾಲ ಸಂಪರ್ಕಗಳ ಕಾವಲು ತಂತ್ರಾಂಶವನ್ನು) ಚಾಲೂ ಮಾಡಿದರೆ ಸಾಕು. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡ ನಮ್ಮ ಒಳನಾಡಿನ ಹಳ್ಳಿಗಳಲ್ಲಿ 'ನಮಗೆ ಸ್ವಂತ ಐಪಿ ವಿಳಾಸವೇ ಇಲ್ಲ, ಹಾಗಾಗಿ ಭಯವಿಲ್ಲ' ಎಂಬ ಮಾತು ಕೇಳಿಬರುವುದುಂಟು. ಹಳೆಯ ಐಪಿ ನಾಲ್ಕನೆಯ ಆವೃತ್ತಿಯ ಮಟ್ಟಿಗೆ ಅದು ಬಹುತೇಕ ನಿಜ. ಆದರೆ ಈಗಿನ ಮೊಬೈಲ್ ಜಾಲಗಳು ಆರನೆಯ ಆವೃತ್ತಿಯ ವಿಳಾಸವನ್ನೂ ಕೊಡುತ್ತವೆ ಮತ್ತು ಅದು ಸಾರ್ವಜನಿಕ ವಿಳಾಸವಾಗಿರಬಹುದು. ಯುಎಫ್‌ಡಬ್ಲ್ಯೂ ಎರಡೂ ಆವೃತ್ತಿಗಳಿಗೆ ಅನ್ವಯಿಸುವುದರಿಂದ ಅದನ್ನು ಹಾಕಿಡುವುದೇ ಜಾಣತನ.

ಕ್ಲೈಂಟ್ ಕೂಡ ಒಂದು ಬಾಗಿಲನ್ನು ತೆರೆದಿಟ್ಟಿರುತ್ತದೆ: ಮ್ಯಾನೇಜರ್ ಕಿಟಕಿಯೊಡನೆ ಮಾತನಾಡಲು ಬಳಸುವ 31416ನೆಯ ಪೋರ್ಟ್, ಪೈ ಸಂಖ್ಯೆಯನ್ನು 3.1416 ಎಂದು ದುಂಡಾಗಿಸಿದಾಗ ಸಿಗುವ ಅಂಕೆಗಳೇ. ಪೂರ್ವನಿಯೋಜಿತವಾಗಿ ಇದು ಯಂತ್ರದೊಳಗಿನಿಂದ ಮಾತ್ರ ತಲುಪುವಂತಿರುತ್ತದೆ. ಮಾಳಿಗೆಯ ಮೇಲಿನ ಯಂತ್ರವನ್ನು ಕೆಳಗಿನ ಕೋಣೆಯಿಂದ ನಿಯಂತ್ರಿಸುವ ಆಸೆಯಿಂದ ಇದನ್ನು ಜಾಲಕ್ಕೆ ತೆರೆಯುವವರಿದ್ದಾರೆ. ಆ ಆಸೆಗೆ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಗೂಢಲಿಪಿಯಲ್ಲಿ ಸಂಪರ್ಕ ಕೊಡುವ ವಿಧಾನ) ಸುರಂಗವೇ ಉತ್ತರ, ಅದರಲ್ಲೂ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ ಕೀಲಿ ಕಡತದಿಂದ ಮಾತ್ರ ಪ್ರವೇಶ ಕೊಡುವ ಎಸ್‌ಎಸ್‌ಎಚ್. ಯಾವ ಯಾವ ಪೋರ್ಟ್‌ಗಳು ಕಿವಿ ತೆರೆದು ಕುಳಿತಿವೆ ಎಂಬುದನ್ನು 'ಎಸ್‌ಎಸ್' ಆದೇಶ ತೋರಿಸುತ್ತದೆ. 31416ರ ಎದುರು 127.0.0.1 (ಈ ಯಂತ್ರಕ್ಕೆ ಮಾತ್ರ) ಎಂದಿದ್ದರೆ ನಿಶ್ಚಿಂತೆ, 0.0.0.0 (ಜಾಲಕ್ಕೆಲ್ಲ ತೆರೆದದ್ದು) ಎಂದಿದ್ದರೆ ಕೆಲಸ ಬಾಕಿಯಿದೆ. ಹಂಚಿಕೆಗೆಂದೇ ಹಳೆಯ ಲ್ಯಾಪ್‌ಟಾಪೊಂದನ್ನು ಮೀಸಲಿಡುವವರು ಅದನ್ನು ರೂಟರಿನ ಅತಿಥಿ ವೈಫೈಗೆ ಜೋಡಿಸಿದರೆ ಮನೆಯ ಸಿಸಿ ಕ್ಯಾಮೆರಾ, ಪ್ರಿಂಟರ್ ಮತ್ತು ಉಳಿದ ಕಂಪ್ಯೂಟರುಗಳಿಂದಲೂ ಅದು ದೂರ ಉಳಿಯುತ್ತದೆ.

ಇಷ್ಟಾದರೂ ಒಂದು ನಂಬಿಕೆ ಉಳಿದೇ ಉಳಿಯುತ್ತದೆ, ಅದು ಯೋಜನೆಯ ಮೇಲಿನ ನಂಬಿಕೆ. ಪ್ರತಿ ಯೋಜನೆಯೂ ತನ್ನ ಪ್ರೋಗ್ರಾಂಗಳಿಗೆ ಡಿಜಿಟಲ್ ಸಹಿ ಹಾಕುತ್ತದೆ. ಸಹಿ ಹಾಕುವ ಖಾಸಗಿ ಕೀಲಿಯನ್ನು ಜಾಲಕ್ಕೆ ಸೇರದ ಯಂತ್ರದಲ್ಲಿ ಇಡಬೇಕೆಂಬುದು ಬೊಯಿಂಕ್‌ನ ಸೂಚನೆ. ಹೀಗಾಗಿ ಸರ್ವರಿಗೆ ಕನ್ನ ಹಾಕಿದವನು ಬೇರೆ ಪ್ರೋಗ್ರಾಂ ಇಟ್ಟರೂ ಸಹಿ ಹೊಂದದ್ದನ್ನು ನಿಮ್ಮ ಕ್ಲೈಂಟ್ ಓಡಿಸುವುದಿಲ್ಲ. ಆದರೆ ಯೋಜನೆಯೇ ಕಿಡಿಗೇಡಿಯದಾದರೆ ಸಹಿ ಏನನ್ನೂ ತಡೆಯದು. ಆದ್ದರಿಂದ ಬೊಯಿಂಕ್‌ನ ಅಧಿಕೃತ ಪಟ್ಟಿಯಲ್ಲಿರುವ, ವಿಶ್ವವಿದ್ಯಾಲಯ ಅಥವಾ ಸಂಶೋಧನಾ ಸಂಸ್ಥೆಯೊಂದರ ಹೆಸರು ಸ್ಪಷ್ಟವಾಗಿರುವ, ಪ್ರಕಟಿತ ಫಲಿತಾಂಶಗಳುಳ್ಳ ಯೋಜನೆಗಳಲ್ಲಿ ಒಂದೆರಡನ್ನಷ್ಟೇ ಆರಿಸಬೇಕು. ಯೋಜನೆಯಲ್ಲಿ ತೆರೆಯುವ ಖಾತೆಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇರಲಿ; ಯಂತ್ರವನ್ನು ಜೋಡಿಸಲು ಯೋಜನೆಗಳು ಕೊಡುವ 'ದುರ್ಬಲ ಖಾತೆ ಕೀಲಿ'ಯನ್ನೇ ಬಳಸಿದರೆ, ಅದು ಸೋರಿಹೋದರೂ ಅದರಿಂದ ನಿಮ್ಮ ಖಾತೆಯ ವಿವರ ಬದಲಿಸಲು ಬಾರದು.

ಅಪನಂಬಿಕೆ ಆ ಕಡೆಗೂ ಇದೆ ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. ಸ್ವಯಂಸೇವಕನ ಯಂತ್ರ ಬಿಸಿಯೇರಿ ತಪ್ಪು ಲೆಕ್ಕ ಮಾಡಬಹುದು, ಅಥವಾ ಅವನೇ ಸುಳ್ಳು ಉತ್ತರ ಕಳುಹಿಸಬಹುದು. ಆದಕಾರಣ ಹಲವು ಯೋಜನೆಗಳು ಒಂದೇ ಕೆಲಸವನ್ನು ಇಬ್ಬರಿಗೆ ಕೊಟ್ಟು ಉತ್ತರ ತಾಳೆಯಾದರೆ ಮಾತ್ರ ಒಪ್ಪಿಕೊಳ್ಳುತ್ತವೆ. ಪೋರ್ಟೊ ರಿಕೊದ ಅರೆಸಿಬೊ ರೇಡಿಯೊ ದೂರದರ್ಶಕದ ದತ್ತಾಂಶದಲ್ಲಿ ಐನ್‌ಸ್ಟೈನ್ ಅಟ್ ಹೋಮ್ 2010ರಲ್ಲಿ ಹೊಸ ಪಲ್ಸಾರೊಂದನ್ನು ಪತ್ತೆಹಚ್ಚಿದಾಗ ಅದರ ಶ್ರೇಯ ಅಮೆರಿಕದ ಅಯೋವಾದ ದಂಪತಿಗೂ ಜರ್ಮನಿಯ ಒಬ್ಬ ಸ್ವಯಂಸೇವಕನಿಗೂ ಸಂದಿತು. ಅವರ ಸಾಮಾನ್ಯ ಕಂಪ್ಯೂಟರುಗಳೇ ಆ ಸಂಕೇತವನ್ನು ಹಿಡಿದಿದ್ದವು.

ಇನ್ನು ಮೂರನೆಯ ಪ್ರಶ್ನೆ, ಹೊರೆಯ ಮಿತಿಯದು. ಮೇ ತಿಂಗಳ ಕಾರವಾರದಲ್ಲಿ ಫ್ಯಾನಿನ ಕೆಳಗೆ ಕುಳಿತ ಮನುಷ್ಯನೇ ಬೆವರುವಾಗ ಎಂಟು ತಾಸು ಪೂರ್ಣ ವೇಗದಲ್ಲಿ ಲೆಕ್ಕ ಮಾಡುವ ಲ್ಯಾಪ್‌ಟಾಪಿನ ಪಾಡು ಏನಾದೀತು? ಉಪ್ಪುಗಾಳಿಗೆ ಫ್ಯಾನಿನ ಬೇರಿಂಗ್ ಮತ್ತು ಲೋಹದ ತುದಿಗಳು ಬೇಗ ಹಾಳಾಗುತ್ತವೆ, ಶಿರಸಿ, ಸಿದ್ದಾಪುರದ ಕಡೆ ಮಳೆಗಾಲದ ತೇವಕ್ಕೆ ಧೂಳು ರಾಡಿಯಾಗಿ ಬಿಸಿ ಹೊರಹಾಕುವ ಹೀಟ್‌ಸಿಂಕಿನ ಸಂದುಗಳನ್ನು ಮುಚ್ಚುತ್ತದೆ. ಬಿಸಿಯನ್ನು ಅಳೆದು ತೋರಿಸುವ 'ಎಲ್‌ಎಂ-ಸೆನ್ಸರ್ಸ್' ಹಾಕಿಕೊಂಡು ತಾಪಮಾನವನ್ನು ಮೊದಲ ಕೆಲವು ರಾತ್ರಿ ಗಮನಿಸಬೇಕು. ಬೊಯಿಂಕ್‌ನಲ್ಲಿ ಎರಡು ಬಗೆಯ ಮಿತಿಗಳಿವೆ: ಎಷ್ಟು ಶೇಕಡಾ ಕೋರ್‌ಗಳು (ಪ್ರೊಸೆಸರಿನೊಳಗಿನ ಲೆಕ್ಕದ ಘಟಕಗಳು), ಎಷ್ಟು ಶೇಕಡಾ ಸಮಯ. ಎರಡನೆಯದನ್ನು ಇಳಿಸಿದರೆ ಕ್ಲೈಂಟ್ ಕೆಲಸವನ್ನು ಕ್ಷಣಕ್ಕೊಮ್ಮೆ ನಿಲ್ಲಿಸಿ ಮತ್ತೆ ಆರಂಭಿಸುತ್ತದೆ, ತಾಪಮಾನ ಏರುತ್ತ ಇಳಿಯುತ್ತ ತೂಗಾಡುತ್ತದೆ, ಫ್ಯಾನು ಒಂದೇ ಸಮ ಗೊಣಗುತ್ತದೆ. ಸಮಯವನ್ನು 100ರಲ್ಲೇ ಬಿಟ್ಟು ಕೋರ್‌ಗಳನ್ನು ಅರ್ಧಕ್ಕೆ ಇಳಿಸುವುದು ಉತ್ತಮ. ಇಂಟೆಲ್ ಪ್ರೊಸೆಸರಾದರೆ ಟರ್ಬೊ (ಅಗತ್ಯ ಬಿದ್ದಾಗ ತಾನಾಗಿ ಏರುವ) ವೇಗವನ್ನು ನಿಲ್ಲಿಸಿದರೆ ಕೆಲಸ ತುಸು ನಿಧಾನವಾದರೂ ಬಿಸಿ ಗಣನೀಯವಾಗಿ ತಗ್ಗುತ್ತದೆ. ಇದರ ಮೇಲೆ ಸಿಸ್ಟಮ್‌ಡಿಯಲ್ಲಿ 'ಸಿಪಿಯು ಕೋಟಾ' 200 ಶೇಕಡಾ ಎಂದು ಬರೆದರೆ ಎರಡು ಕೋರ್‌ಗಳಷ್ಟನ್ನು ಮೀರಿ ಆ ಸೇವೆ ಬಳಸಲಾರದು, ಬೊಯಿಂಕ್‌ನ ಸ್ವಂತ ಮಿತಿ ಯಾವ ಕಾರಣಕ್ಕೋ ಬದಲಾದರೂ ಸಹ. 'ಕಂಪ್ಯೂಟರ್ ಬಳಕೆಯಲ್ಲಿದ್ದಾಗ ನಿಲ್ಲಿಸು' ಎಂಬ ಆಯ್ಕೆಯನ್ನು ಮಾತ್ರ ಪೂರ್ತಿ ನೆಚ್ಚಬಾರದು, ಏಕೆಂದರೆ ಹಿನ್ನೆಲೆ ಸೇವೆಯಾಗಿ ಓಡುವ ಕ್ಲೈಂಟ್‌ಗೆ, ಅದರಲ್ಲೂ ವೇಲ್ಯಾಂಡ್ ಎಂಬ ಹೊಸ ಪರದೆ ವ್ಯವಸ್ಥೆಯಲ್ಲಿ, ಮೌಸು ಮತ್ತು ಕೀಲಿಮಣೆಯ ಚಲನೆ ಸರಿಯಾಗಿ ತಿಳಿಯುವುದಿಲ್ಲ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಎಂದು ಗಂಟೆ ಗೊತ್ತುಮಾಡುವುದೇ ವಾಸಿ.

ಕರೆಂಟು ಹೋಗುವುದು ನಮ್ಮಲ್ಲಿ ಮಳೆಗಾಲದ ನಿತ್ಯವಿಧಿ. ಬ್ಯಾಟರಿಯ ಮೇಲೆ ಓಡುವಾಗ ಕೆಲಸ ನಿಲ್ಲಿಸುವ ಆಯ್ಕೆ ಬೊಯಿಂಕ್‌ನಲ್ಲಿದೆ, ಆದರೆ ಇನ್ವರ್ಟರ್ ಇರುವ ಮನೆಯಲ್ಲಿ ಅದು ಕುರುಡಾಗುತ್ತದೆ: ಲೈನ್ ಹೋದರೂ ಚಾರ್ಜರಿಗೆ ಇನ್ವರ್ಟರಿನಿಂದ ವಿದ್ಯುತ್ ಬರುತ್ತಲೇ ಇರುವುದರಿಂದ ಲ್ಯಾಪ್‌ಟಾಪಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಬೆಳಗಾಗುವಷ್ಟರಲ್ಲಿ ಮನೆಯ ದೀಪಕ್ಕೆ ಬೇಕಾದ ಬ್ಯಾಟರಿಯನ್ನು ವಿಜ್ಞಾನ ತಿಂದು ಮುಗಿಸಿರುತ್ತದೆ. ಇದಕ್ಕೆ ಯಾವ ತಂತ್ರಾಂಶವೂ ಬೇಡ. ಬಹಳಷ್ಟು ಮನೆಗಳಲ್ಲಿ ಇನ್ವರ್ಟರ್ ಲೈನು ದೀಪ ಮತ್ತು ಫ್ಯಾನುಗಳಿಗಷ್ಟೇ ಇದ್ದು, ದೊಡ್ಡ 15 ಆಂಪಿಯರ್ ಪ್ಲಗ್ ಅದರ ಹೊರಗಿರುತ್ತದೆ. ಚಾರ್ಜರನ್ನು ಅಂಥ ಪ್ಲಗ್ಗಿಗೆ ತಕ್ಕ ಅಡಾಪ್ಟರ್ ಮೂಲಕ ಹಾಕಿದರೆ ಲೈನ್ ಹೋದೊಡನೆ ಲ್ಯಾಪ್‌ಟಾಪು ತನ್ನ ಬ್ಯಾಟರಿಗೆ ಹೊರಳುತ್ತದೆ, ಬೊಯಿಂಕ್ ತಾನಾಗಿ ನಿಲ್ಲುತ್ತದೆ, ಕರೆಂಟು ಬಂದಾಗ ಕೊನೆಯ ಚೆಕ್‌ಪಾಯಿಂಟಿನಿಂದ (ಉಳಿಸಿಟ್ಟ ಹಂತದಿಂದ) ಮುಂದುವರಿಯುತ್ತದೆ. ಡೆಸ್ಕ್‌ಟಾಪಿಗೆ ಈ ಸೌಲಭ್ಯವಿಲ್ಲ. ಯುಎಸ್‌ಬಿ ತಂತಿಯಿರುವ ಯುಪಿಎಸ್ ಮತ್ತು ಯುಪಿಎಸ್ ಮೇಲೆ ಕಣ್ಣಿಡುವ 'ನಟ್' ಎಂಬ ತಂತ್ರಾಂಶ ಜೋಡಿಸಿ, ಲೈನ್ ಹೋದಾಗ ಕ್ಲೈಂಟನ್ನು ನಿಲ್ಲಿಸುವ ಆದೇಶ ಬರೆದಿಡಬೇಕಾಗುತ್ತದೆ.

ಗುಡುಗು ಮಿಂಚಿನ ಏಪ್ರಿಲ್, ಮೇ ಮತ್ತು ಅಕ್ಟೋಬರ್ ಸಂಜೆಗಳಲ್ಲಿ ಹಂಚಿಕೆಯನ್ನು ನಿಲ್ಲಿಸಿ ಪ್ಲಗ್ ತೆಗೆಯುವುದನ್ನು ಬಿಟ್ಟರೆ ಬೇರೆ ಉಪಾಯವಿಲ್ಲ. ರೂಟರಿನಿಂದ ಬರುವ ತಾಮ್ರದ ಲ್ಯಾನ್ ತಂತಿಯನ್ನೂ ತೆಗೆಯಬೇಕು, ವೈಫೈ ಬಳಸಿದರೆ ಆ ದಾರಿಯೇ ಇರುವುದಿಲ್ಲ. ಇಡೀ ಡಿಸ್ಕನ್ನು ಲಿನಕ್ಸಿನ ಲಕ್ಸ್ ಎಂಬ ವ್ಯವಸ್ಥೆಯ ಮೂಲಕ ಗೂಢಲಿಪೀಕರಿಸಿದವರು ಇನ್ನೊಂದನ್ನು ನೆನಪಿಡಬೇಕು: ಯಂತ್ರ ಆರಿ ಮತ್ತೆ ಹೊತ್ತಿಕೊಂಡಾಗ ಪಾಸ್‌ಫ್ರೇಸ್ ಕೊಡುವವರಿಲ್ಲದಿದ್ದರೆ ಅದು ಅಲ್ಲಿಯೇ ನಿಂತಿರುತ್ತದೆ. ಸ್ವಂತ ದಾಖಲೆಗಳಿರುವ ಯಂತ್ರದಲ್ಲಿ ಹಾಗೆ ನಿಂತಿರುವುದೇ ಸರಿ. ಹಂಚಿಕೆಗೆಂದೇ ಇಟ್ಟ ಖಾಲಿ ಯಂತ್ರಕ್ಕೆ ಗೂಢಲಿಪೀಕರಣ ಇಲ್ಲದಿದ್ದರೂ ನಡೆಯುತ್ತದೆ.

ಬಿಲ್ಲಿನ ಲೆಕ್ಕ ಹೀಗಿದೆ. ಸುಮ್ಮನಿರುವಾಗಿನದಕ್ಕಿಂತ 30 ವಾಟ್ ಹೆಚ್ಚು ಎಳೆಯುವ ಲ್ಯಾಪ್‌ಟಾಪು ದಿನಕ್ಕೆ 8 ತಾಸು ದುಡಿದರೆ ತಿಂಗಳಿಗೆ ಸುಮಾರು 7 ಯೂನಿಟ್. 80 ವಾಟ್ ಹೆಚ್ಚು ಎಳೆಯುವ ಡೆಸ್ಕ್‌ಟಾಪಾದರೆ 19ರ ಆಸುಪಾಸು. ಗ್ರಾಫಿಕ್ಸ್ ಕಾರ್ಡನ್ನೂ ದುಡಿಸಿದರೆ ಇದು ಎರಡು ಮೂರು ಪಟ್ಟಾಗಬಹುದು. ಗೃಹಜ್ಯೋತಿ ಪಡೆಯುತ್ತಿರುವ ಮನೆಗಳು ಇದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಉಚಿತ ವಿದ್ಯುತ್ತು ಆಯಾ ಮನೆಯ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಗೊತ್ತಾದ ಮಿತಿಯವರೆಗೆ ಮಾತ್ರ; ಅದನ್ನು ಮೀರಿದ ಯೂನಿಟ್ಟಿಗೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು.

ದಿನಕ್ಕೆ ಒಂದೂವರೆ ಅಥವಾ ಎರಡು ಜಿಬಿಯ ಮೊಬೈಲ್ ದತ್ತಾಂಶವನ್ನು ನಂಬಿಕೊಂಡವರು ಕ್ಲೈಮೇಟ್‌ಪ್ರಿಡಿಕ್ಷನ್‌ನಂಥ, ದಿನಗಟ್ಟಲೆ ಓಡಿ ದೊಡ್ಡ ಕಡತಗಳನ್ನು ಮೇಲೇರಿಸುವ ಯೋಜನೆಗಳಿಂದ ದೂರವಿರುವುದು ಒಳಿತು. ಇಷ್ಟು ದಿನಕ್ಕೆ ಇಷ್ಟು ಎಂಬಿ ಎಂಬ ಮಿತಿಯನ್ನು ಬೊಯಿಂಕ್‌ನಲ್ಲೇ ಹಾಕಬಹುದು. ಪ್ರತಿ ಕೆಲಸಕ್ಕೂ ಗಡುವಿರುತ್ತದೆ. ಘಟ್ಟದಲ್ಲಿ ಮರ ಬಿದ್ದು ಎರಡು ಮೂರು ದಿನ ಲೈನ್ ಇಲ್ಲದಿರುವ ಜುಲೈ ತಿಂಗಳಲ್ಲಿ ಒಂದು ವಾರದ ಕೆಲಸವನ್ನು ಮುಂಗಡ ಇಳಿಸಿಟ್ಟುಕೊಂಡರೆ ಗಡುವು ತಪ್ಪಿ ಅದನ್ನು ಬೇರೆಯವರಿಗೆ ಮತ್ತೆ ಕೊಡಬೇಕಾಗುತ್ತದೆ, ಆದ್ದರಿಂದ ದಾಸ್ತಾನನ್ನು ಅರ್ಧ ದಿನಕ್ಕೆ ಸೀಮಿತಗೊಳಿಸಬೇಕು.

ಹಂಚಿಕೆಯನ್ನು ಬಿಡುವಾಗಲೂ ಒಂದು ಕ್ರಮವಿದೆ. ಮೊದಲು ಯೋಜನೆಯ ಎದುರು 'ಹೊಸ ಕೆಲಸ ಬೇಡ' ಎಂಬುದನ್ನು ಒತ್ತಿ, ಕೈಯಲ್ಲಿರುವುದು ಮುಗಿದು ಉತ್ತರ ಮೇಲೇರುವವರೆಗೆ ಕಾಯಬೇಕು. ಅನಂತರ ಯೋಜನೆಯನ್ನು ತೆಗೆದು, ಆಪ್ಟ್‌ನ 'ಪರ್ಜ್' ಆದೇಶದಿಂದ ಪ್ಯಾಕೇಜನ್ನೂ ಅದರ ಸೆಟ್ಟಿಂಗುಗಳನ್ನೂ ಅಳಿಸಿ, ದತ್ತಾಂಶದ ಕೋಶ ಉಳಿದಿದೆಯೇ ಎಂದು ನೋಡಬೇಕು. ಯಂತ್ರವನ್ನು ಮಾರುವ ಅಥವಾ ಶಾಲೆಗೆ ಕೊಡುವ ಉದ್ದೇಶವಿದ್ದರೆ, ಖಾತೆ ಕೀಲಿಯಿರುವ ಕಡತ ಆ ಕೋಶದಲ್ಲೇ ಇರುವುದರಿಂದ, ಅದನ್ನೂ ಅಳಿಸಿದ ಮೇಲೆಯೇ ಯಂತ್ರ ಕೈಬದಲಾಗಬೇಕು.